ಕೊಂಬಿನ ಬುಡದ ಬಿಸಿ

"ಕಡಲಸೀಮೆಯ ಮಹಾರಾಜರ ಅಪ್ಪಣೆ! ಮೂರು ಒಗಟು ಒಡೆದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನನ್ನು ಕರಿಬಂಡೆಗೆ ಕಟ್ಟಿ ಬಿಸಿಲಿಗೆ ಬಿಡಲಾಗುತ್ತದೆ. ರಾಜಕುಮಾರನನ್ನು ಕೊಂದವನಿಗೂ ಅದೇ ಬಂಡೆ!"

ಡಂಗುರ ಕೇಳಿದ್ದೇ ಕೆಂಚ ಎತ್ತುಗಳನ್ನು ಕಟ್ಟಿಹಾಕಿ ದೊರೆಯ ಡೇರೆಯತ್ತ ಓಡಿದ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕಡಲಿನಿಂದ ಒಳನಾಡಿಗೆ ನಡೆಯುವವನು ಅವನು. ರಾಜಕುಮಾರನ ದಂಡಿಗೆ ದಾರಿ ತೋರಿಸಲು ಹೋಗಿದ್ದ ಅವನ ಅಣ್ಣ ಕರಿಯನೇ ಕುಮಾರನ ನೀರಿಗೆ ವಿಷ ಹಾಕಿದನೆಂದು ಗುಮಾನಿ. ಬೇರೆ ಕೊಲೆಗಾರ ಸಿಗದಿದ್ದರೆ ಇವತ್ತೇ ಅವನು ಬಂಡೆ ಏರಬೇಕು. ಆ ಬಿರುಬೇಸಗೆಯಲ್ಲಿ ಬಂಡೆ ಏರಿದವರು ಜೀವಂತ ಇಳಿದದ್ದಿಲ್ಲ.

ಮಗ ಸತ್ತ ಒಳನಾಡಿನ ಬಯಲಿನಲ್ಲೇ ದೊರೆ ಡೇರೆ ಹಾಕಿಸಿದ್ದ. ಮೊದಲೆರಡು ಒಗಟು ಸತ್ತ ಮಗನವೇ. ತಮಾಷೆಯ ಹುಡುಗ, ದಾರಿಯುದ್ದಕ್ಕೂ ಅಪ್ಪನಿಗೆ ಒಗಟು, ಉತ್ತರ ಎರಡನ್ನೂ ಹೇಳಿಕಳಿಸುತ್ತಿದ್ದ. ಮೂರನೆಯದು ದೊರೆಯದು. ಅದರ ಉತ್ತರ ಅವನಿಗೂ ಗೊತ್ತಿರಲಿಲ್ಲ.

"ಸೂರ್ಯನ ಹತ್ತಿರ ಏರಿದಷ್ಟೂ ಚಳಿ. ಎಲ್ಲಿ?" ಎಂದು ಕೇಳಿದ ದೊರೆ.

"ಬೆಟ್ಟದಲ್ಲಿ," ಎಂದ ಮೊದಲು ಬಂದ ರಾಜವೈದ್ಯ, ಮೀಸೆ ತಿರುವುತ್ತ.

"ಹಗಲು ಸುಟ್ಟವನೇ ರಾತ್ರಿ ನಡುಗಿಸುತ್ತಾನೆ. ಯಾರವನು?"

"ಚಳಿಜ್ವರ, ಪ್ರಭು."

ದೊರೆ ಕೈಬೀಸಿದ. ವೈದ್ಯನನ್ನು ಎಳೆದೊಯ್ದರು. ಆಮೇಲೆ ಬಂದ ಜೋಯಿಸ ಶನಿ ಎಂದ. ಬಂಡೆಯ ಕಡೆಯಿಂದ ಅವನ ಕೂಗು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ನಿಂತಿತು. ಪಾಪ, ಇಬ್ಬರೂ ಮಕ್ಕಳೊಂದಿಗರು.

ಕೆಂಚ ಮುಂದೆ ಬಂದ.

"ಮೊದಲನೇದು ಬೆಟ್ಟವೇ ಬುದ್ಧಿ. ಎರಡನೇದು ಈ ಒಳನಾಡಿನ ನೆಲ. ಕಡಲು ನಿಧಾನಕ್ಕೆ ಕಾಯ್ತದೆ, ನಿಧಾನಕ್ಕೆ ಆರ್ತದೆ. ಅದಕ್ಕೇ ತಮ್ಮ ಸೀಮೇಲಿ ಬೇಸಗೆಯ ಹಗಲಿಗೂ ರಾತ್ರಿಗೂ ಅಂಥಾ ಫರಕಿಲ್ಲ. ಕಡಲು ದೂರ ಆದಂಗೆಲ್ಲ ನೆಲ ಬೇಗ ಕಾದು ಬೇಗ ಆರ್ತದೆ. ಇಲ್ಲಿ ಹಗಲು ಅಂಗಾಲು ಸುಡ್ತದೆ, ರಾತ್ರಿ ಕಂಬಳಿ ಬೇಕು."

ದೊರೆ ತಲೆದೂಗಿದ. ಮಗ ಹೇಳಿಕಳಿಸಿದ್ದೂ ಅದೇ ಉತ್ತರ. ಆಮೇಲೆ ತನ್ನ ಒಗಟು ಕೇಳಿದ.

"ಕತ್ತಿ ಒರೆಯಿಂದ ಬರಲಿಲ್ಲ, ಶತ್ರು ಕಣ್ಣಿಗೆ ಬೀಳಲಿಲ್ಲ, ಒಂದು ಹನಿ ನೆತ್ತರು ಸುರಿಯಲಿಲ್ಲ. ನನ್ನ ಮಗ ಅರ್ಧ ದಂಡಿನ ಜೊತೆ ಬಿದ್ದು ಸತ್ತ. ಕೊಂದವನು ಯಾರು?"

"ದಂಡು ದಿನಾ ಯಾವಾಗ ಹೊರಡ್ತಿತ್ತು, ಬುದ್ಧಿ?"

"ಮಧ್ಯಾಹ್ನ, ಕಡಲಗಾಳಿ ಏಳುವ ಹೊತ್ತಿಗೆ. ಅದು ನಮ್ಮ ವಂಶದ ಕಟ್ಟಳೆ. ಎಲ್ಲಿಯೂ ಮುರಿಯಬೇಡವೆಂದು ಅಪ್ಪಣೆ ಕೊಟ್ಟಿದ್ದೆ."

"ಆ ತಂಪುಗಾಳಿ ಬೆಟ್ಟ ದಾಟಾಕಿಲ್ಲ. ಇಲ್ಲಿ ಆ ಹೊತ್ತಿಗೆ ಏಳೋದು ಬೆಂಕಿಗಾಳಿ. ನಾವು ಎತ್ತಿನ ಕೊಂಬಿನ ಬುಡ ಮುಟ್ಟಿ ನೋಡ್ತೀವಿ. ಕಾದಿದ್ರೆ ಯಾರು ಹೇಳಿದ್ರೂ ಹೇರು ಕಟ್ಟಾಕಿಲ್ಲ. ದಂಡಿಗೆ ದಾರಿ ತೋರಿಸ್ತಿದ್ದ ನಮ್ಮಣ್ಣ ಇದನ್ನೇ ಹೇಳಿ ಕುಮಾರರ ಕಾಲಿಗೆ ಬಿದ್ದ. ಅಪ್ಪಾಜಿ ಮಾತು ಮೀರಲಾರೆ ಅಂದರಂತೆ."

"ಹೆಸರು ಹೇಳು."

ಕೆಂಚ ಅಣ್ಣನ ಮುಖ ನೆನೆದುಕೊಂಡ.

"ತಾವೇ, ಬುದ್ಧಿ."

ಕಾವಲಿನವರು ಕತ್ತಿಗೆ ಕೈಹಾಕಿದರು. ದೊರೆ ತಡೆದ. ಕೆಂಚನನ್ನು ಕೇಳಿದ, "ಏನು ಬೇಕು ನಿನಗೆ?"

"ನಮ್ಮಣ್ಣನ್ನ ಬಿಡಿಸಿ. ಆ ಬಂಡೆ ಒಡೆಸಿ."

"ಅಣ್ಣನನ್ನು ಈಗಲೇ ಕರೆದುಕೊಂಡು ಹೋಗು. ಬಂಡೆಯನ್ನು ನಾಳೆ ಒಡೆಯುತ್ತಾರೆ," ಎಂದು ದೊರೆ ಕಿರೀಟ ತೆಗೆದಿಟ್ಟ, ಪಾದರಕ್ಷೆ ಕಳಚಿದ. "ಇವತ್ತು ಅದು ನನಗೆ ಬೇಕು."

ಬರಿಗಾಲಲ್ಲಿ ಕರಿಬಂಡೆಯ ಕಡೆ ನಡೆದ. ಯಾರಿಗೂ ತಡೆಯುವ ಧೈರ್ಯ ಬರಲಿಲ್ಲ.

ಹೊತ್ತು ಮುಳುಗಿದ ಮೇಲೆ ಬಂಡೆಯ ಬಳಿ ದೊರೆಗಾಗಿ ಅಳು ಎದ್ದಿತು. ಕರಿಯ ಮುಂದಿನ ಎತ್ತಿನ ಕೊಂಬಿನ ಬುಡ ಮುಟ್ಟಿ ನೋಡಿದ. ತಣ್ಣಗಾಗಿತ್ತು. ಅಣ್ಣತಮ್ಮಂದಿರು ಹೇರು ಕಟ್ಟಿದರು.