ಕೆರೆ ಏರಿ ದಾಟುವ ಉಡ

ಶಿಷ್ಯ ಮರುಳಯ್ಯ ತನ್ನ ಪುಸ್ತಕವನ್ನು ಗುರುಗಳ ಮುಂದೆ ಇಟ್ಟು ಕೇಳಿದ: “ಬುದ್ಧಿ, ದಿನವೂ ಅಡ್ಡಾಡಿ ಬಂದು ಕಣ್ಣಿಗೆ ಬಿದ್ದ ಪ್ರಾಣಿ ಪಕ್ಷಿಗಳನ್ನು ಬರೆದಿಡು ಎಂದಿರಿ. ಆರು ತಿಂಗಳಿಂದ ಬರೆದಿದ್ದೇನೆ. ಕಾಗೆ, ಅಳಿಲು, ಗೊರವಂಕ. ಮಠದ ಸುತ್ತ ಇರುವುದೇ ಅವು, ನಾಳೆಯೂ ಅವೇ ಇರುತ್ತವೆ. ಗೊತ್ತಿರುವುದನ್ನೇ ಬರೆದು ಏನು ಪ್ರಯೋಜನ?”

ಗುರುಗಳು ಪುಸ್ತಕ ತೆರೆಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದುಕ ನೇಕಾರನಿದ್ದ. ನಸುಕಿನಿಂದಲೇ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದುದರಿಂದ, ಹೊತ್ತು ಏರುವ ವೇಳೆಗೆ ಅವನ ಕಾಲು ಜೋಮು ಹಿಡಿಯುತ್ತಿತ್ತು. ಆಗ ಎದ್ದು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದ. ಬಂದು, ದಾರಿಯಲ್ಲಿ ಕಂಡ ಜೀವಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮತ್ತೆ ಮಗ್ಗಕ್ಕೆ ಇಳಿಯುತ್ತಿದ್ದ. ಊರಿನವರಿಗೆ ಇದೊಂದು ತಮಾಷೆ. “ಏನಜ್ಜ, ಇವತ್ತೂ ಕಾಗೆ ಕಪ್ಪಗೇ ಇತ್ತಾ?” ಎಂದು ಕೇಳುತ್ತಿದ್ದರು. ಇತ್ತು ಎಂದು ಅವನು ಹೇಳುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಅವನ ಮಗಳಿಗೆ ಕೆರೆಯಾಚೆಯ ಊರಿನಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ಹೆಣ್ಣಿನ ಕಡೆಯವರು ಹೋಗಿ ಎಲೆ ಅಡಿಕೆ ಬದಲಾಯಿಸಿ ಮಾತು ಮುಗಿಸುವುದಷ್ಟೇ ಬಾಕಿ. ಹೊತ್ತು ಎರಡು ಮಾರು ಏರಿದಾಗ ಹೊರಡಬೇಕೆಂದು ಜೋಯಿಸರು ಮುಹೂರ್ತ ಇಟ್ಟರು. ಮನೆಯ ಏಳು ಜನ ಹಣ್ಣು ಕಾಯಿ ಹಿಡಿದು ಹೊರಟರು. ಏರಿಯ ಮೇಲೆ ತೂಬಿನ ಹತ್ತಿರ ಬಂದಾಗ ಒಂದು ಉಡ ದಾರಿಗೆ ಅಡ್ಡ ಬಂತು. ಉಡ ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ಆ ಸೀಮೆಯ ನಂಬಿಕೆ. ಏಳು ಜನರೂ ಮನೆಗೆ ಮರಳಿ ಹಣ್ಣನ್ನು ತಾವೇ ತಿಂದರು.

ಜೋಯಿಸರು ಇನ್ನೊಂದು ದಿನ ಇಟ್ಟರು. ಅಂದೂ ಉಡ ಬಂತು. ಶಾಂತಿ ಮಾಡಿಸಿ ಮೂರನೆಯ ಸಲ ಹೊರಟರು. ಶಾಂತಿ ಮಾಡಿಸಿದ ಸಂಗತಿ ಉಡಕ್ಕೆ ತಿಳಿದಿರಲಿಲ್ಲ.

ವ್ಯಾಪಾರಿಯ ಅಣ್ಣ ಬಹಳ ಯೋಚಿಸಿ ಹೇಳಿದ: “ಅದು ಉಡ ಅಲ್ಲವೋ ತಮ್ಮ. ತೀರಿಹೋದ ನಮ್ಮವ್ವ. ಆ ಊರಿನ ಬೀಗತನ ಅವಳಿಗೆ ಬೇಡವಾಗಿದೆ.”

ವ್ಯಾಪಾರಿಯ ಹೆಂಡತಿ ಒಳಗಿನಿಂದಲೇ, “ಇದ್ದರೂ ಇರಬಹುದು ಭಾವ. ಮೂರು ಸಲವೂ ನೋಡಿದೆ. ನಡಿಗೆ ಅತ್ತೆಯದೇ” ಎಂದಳು.

ಅಷ್ಟರಲ್ಲಿ ಗಂಡಿನ ಕಡೆಯವರು ಹೇಳಿಕಳಿಸಿದರು. ಬರುವ ಸೋಮವಾರ ಬಂದರೆ ಸರಿ, ಇಲ್ಲದಿದ್ದರೆ ಮಂಗಳವಾರ ಬೇರೆ ಹೆಣ್ಣು ನೋಡಲು ಹೋಗುತ್ತೇವೆ ಎಂದರು. ಮಗಳು ಊಟ ಬಿಟ್ಟಳು. ಒಂದು ದಿನ ಬಿಟ್ಟು ನೋಡಿ, ಅದರಿಂದ ಉಡಕ್ಕೆ ಏನೂ ಆಗುವುದಿಲ್ಲವೆಂದು ಕಂಡುಕೊಂಡು, ಉಂಡು, ತಂದೆಗೆ ಹೇಳಿದಳು: “ಅಪ್ಪ, ಆ ಮಗ್ಗದಜ್ಜ ದಿನಾ ಅದೇ ಏರಿ ಮೇಲೆ ಓಡಾಡ್ತಾನೆ. ಅವನನ್ನ ಒಂದು ಮಾತು ಕೇಳು.”

ವ್ಯಾಪಾರಿ ಹೋದ. ನೇಕಾರ ಪುಸ್ತಕ ತೆರೆದು ತೋರಿಸಿದ. ಮೂರು ವರ್ಷದ ಬರಹ. ಹೆಚ್ಚುಕಡಿಮೆ ಪ್ರತಿ ಹಾಳೆಯಲ್ಲೂ ಕಾಗೆ, ಬೆಳ್ಳಕ್ಕಿ, ಮುಂಗುಸಿಗಳ ನಡುವೆ ಒಂದು ಸಾಲು: ‘ಉಡ ಒಂದು. ತೂಬಿನ ಹತ್ತಿರ. ದಾಟಿತು.’ ಚಳಿಗಾಲದಲ್ಲಿ ಕೆಲವು ವಾರ ಆ ಸಾಲು ಇರಲಿಲ್ಲ. ಮೋಡದ ದಿನಗಳಲ್ಲೂ ಇರಲಿಲ್ಲ. ಉಳಿದಂತೆ ಒಂದು ದಿನವೂ ತಪ್ಪಿರಲಿಲ್ಲ.

“ಏರಿ ಕೆಳಗಿನ ಹುತ್ತದಲ್ಲಿ ಅದರ ವಾಸ, ಯಜಮಾನರೇ. ಬಿಸಿಲಿಗೆ ಮೈ ಕಾಯಿಸಿಕೊಂಡು ಏಡಿ ಹುಡುಕೋಕೆ ನೀರಿನ ಕಡೆ ಹೋಗುತ್ತೆ. ಊರಿನವರು ನಸುಕಿನಲ್ಲೇ ಏರಿ ದಾಟಿ ಹೊಲಕ್ಕೆ ಹೋಗಿರ್ತಾರೆ, ಅವರಿಗೆ ಸಿಗೋದಿಲ್ಲ. ನಿಮ್ಮ ಮುಹೂರ್ತ ಅದು ಹೊರಡೋ ಹೊತ್ತಿಗೇ ಬಿದ್ದಿದೆ.”

ಮೂರು ದಿನಗಳ ಬರಹ ಮಾತ್ರ ಸ್ವಲ್ಪ ಉದ್ದವಾಗಿತ್ತು: ‘ಉಡ ಒಂದು. ದಾಟಿತು. ಮನುಷ್ಯರು ಏಳು. ದಾಟಲಿಲ್ಲ.’

ವ್ಯಾಪಾರಿ ಅದನ್ನು ಎರಡು ಸಲ ಓದಿದ. “ನಮ್ಮನ್ನೂ ಬರೆದಿದ್ದೀಯಲ್ಲಪ್ಪಾ.”

“ಏರಿ ಮೇಲೆ ಕಂಡಿರಿ. ಬರೆದೆ.”

“ಇದರ ಅರ್ಥ ಏನು?”

“ಅರ್ಥ ಬರೆಯೋ ಅಭ್ಯಾಸ ನನಗಿಲ್ಲ.”

“ಹೋಗಲಿ, ಸೋಮವಾರ ಮೋಡ ಆಗುತ್ತಾ?”

“ಸೋಮವಾರದ್ದು ಸೋಮವಾರ ಬರೀತೀನಿ” ಎಂದು ನೇಕಾರ ಮಗ್ಗಕ್ಕೆ ಇಳಿದ.

ವ್ಯಾಪಾರಿ ಜೋಯಿಸರಲ್ಲಿಗೆ ಹೋಗಿ ಮುಹೂರ್ತವನ್ನು ಚೂರು ಹಿಂದೆ ಮುಂದೆ ಮಾಡಿಕೊಡಿ ಎಂದು ಬೇಡಿಕೊಂಡ. ಒಂದು ಉಡಕ್ಕಾಗಿ ಗ್ರಹಗಳನ್ನು ಕದಲಿಸಲಾಗದು ಎಂದು ಅವರು ಹೇಳಿದರು.

ಸೋಮವಾರ ಬಿಸಿಲು ಚೆನ್ನಾಗಿತ್ತು. ಏಳು ಜನ ಮುಹೂರ್ತಕ್ಕೆ ಸರಿಯಾಗಿ ಹೊರಟರು. ತೂಬು ಹತ್ತು ಮಾರು ದೂರವಿರುವಾಗ ವ್ಯಾಪಾರಿ ಒಂದು ಹೊಂಗೆ ಮರದ ಕೆಳಗೆ ಹೆಗಲ ಮೇಲಿನ ವಸ್ತ್ರ ಹಾಸಿ ಕೂತ. ಎಲ್ಲರನ್ನೂ ಕೂರಿಸಿದ. ಎಲೆ ಅಡಿಕೆಯ ಚೀಲ ಬಿಚ್ಚಿದ. ಮೊದಲ ಎಲೆ ಮುಗಿಯುವ ಹೊತ್ತಿಗೆ ಉಡ ಬಂತು. ಕೂತವರ ಕಡೆ ಒಮ್ಮೆ ನಾಲಿಗೆ ಚಾಚಿತು. ದಾಟಿ ನೀರಿನ ಕಡೆಗೆ ಇಳಿದುಹೋಯಿತು.

ಅಣ್ಣ, “ಬಂತಲ್ಲೋ ಅಡ್ಡ. ಏಳು, ಮನೆಗೆ ಹೋಗೋಣ” ಎಂದ.

ವ್ಯಾಪಾರಿ ಎಲೆ ಅಗಿಯುತ್ತಲೇ ಹೇಳಿದ: “ಅಡ್ಡ ಬರಬೇಕಾದರೆ ನಾವು ನಡೀತಿರಬೇಕು ಅಣ್ಣ. ನಾವು ಕೂತಿದ್ದೀವಿ.”

ಅಣ್ಣನಿಗೆ ಶಕುನಗಳೆಲ್ಲ ಬಾಯಿಪಾಠವಿದ್ದವು. ಎಷ್ಟು ನೆನೆಸಿಕೊಂಡರೂ ಕೂತವರಿಗೆ ಏನಾಗುತ್ತದೆ ಎಂಬುದು ಅವುಗಳಲ್ಲಿ ಸಿಗಲಿಲ್ಲ. ಅವನು ನೆನೆಸಿಕೊಳ್ಳುತ್ತಿರುವಾಗಲೇ ವ್ಯಾಪಾರಿಯ ಹೆಂಡತಿ ಹಣ್ಣಿನ ತಟ್ಟೆ ಎತ್ತಿಕೊಂಡು ತೂಬು ದಾಟಿಯಾಗಿತ್ತು. ಉಳಿದ ಆರು ಜನ ಅವಳ ಹಿಂದೆ ಓಡಿದರು. ಅಂದೇ ಮಾತು ಮುಗಿದು ಮದುವೆ ಗೊತ್ತಾಯಿತು. ನೇಕಾರ ಬರೆದುಕೊಂಡ: ‘ಉಡ ಒಂದು. ದಾಟಿತು. ಮನುಷ್ಯರು ಏಳು. ದಾಟಿದರು.’

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ತನ್ನ ಪುಸ್ತಕವನ್ನು ಮೆಲ್ಲನೆ ಹತ್ತಿರಕ್ಕೆ ಎಳೆದುಕೊಂಡ. ಆದರೂ ಅವನಿಗೆ ಒಂದು ಅನುಮಾನ ಉಳಿದಿತ್ತು.

“ಹಾಗಾದರೆ ಬುದ್ಧಿ, ಹೊರಟಾಗ ಅಡ್ಡ ಬಂದರೆ ಕೆಡುಕು ಅನ್ನುವುದು ಸುಳ್ಳೇ?”

ಗುರುಗಳು ಹೇಳಿದರು: “ಉಡ ಹೊರಟಾಗ ನಾಲ್ಕು ಸಲ ಏಳೇಳು ಜನ ಎದುರಾದರು ಮರುಳಯ್ಯ, ಒಂದು ಸಲವೂ ಅದು ಏಡಿ ಬಿಟ್ಟು ಹುತ್ತಕ್ಕೆ ಮರಳಲಿಲ್ಲ.”