ಸನ್ಮಾನದ ಸೋಫಾ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಆಣೆ ಇಡಿ, ಯಾರ ಕಿವಿಗೂ ಬೀಳಬಾರದು.

ಶಾಪಿಂಗ್ ಮಾಲಿನ ಐಸ್-ಹಾಕಿ ಆಟದ ಅಂಗಳದಲ್ಲಿ ಬಾಡಿಗೆ ಸ್ಕೇಟ್ ಒರೆಸ್ತಿದ್ದ ನೀಲವೇಣಿ ಬಿದ್ದು ಎದ್ದು ಆಟ ಕಲಿತು, ಗೆರೆ ಕಾಯೋ ಸಹಾಯಕ ರೆಫರಿ ಆದಳು. ಫೈನಲ್ಲಿಗೆ ಅವಳೇ ಮುಖ್ಯ ರೆಫರಿ. ಅದೊಂದು ಸರಿಹೋದರೆ ಆ ಪದವಿ ಖಾಯಂ. ಅಷ್ಟರಲ್ಲಿ ಹಾಕಿ ಸಂಘದ ಅಧ್ಯಕ್ಷ ಮರಿಸಿದ್ದಯ್ಯ ಗುಡುಗಿದ: "ನನ್ನ ಮಗ ಆಡ್ತಾನೆ. ತಪ್ಪು ಮಾಡಿದ ಅಂತ ಅವನನ್ನ ಶಿಕ್ಷೆ ಗೂಡಿನಲ್ಲಿ ಕೂರಿಸಿ ನನ್ನ ಮಾನ ಕಳೆದರೆ ನೋಡು!"

ಅವಳೇನು ಮಾಡಿದಳು ಗೊತ್ತಾ? ತಪ್ಪು ಮಾಡಿದೋರು ಎರಡು ನಿಮಿಷ ಆಟ ಬಿಟ್ಟು ಕೂರೋ ಆ ಗೂಡಿಗೇ ಸೋಫಾ ಹಾಕಿಸಿದಳು. "ಆಟ ಇಲ್ಲಿಂದಲೇ ಚೆನ್ನಾಗಿ ಕಾಣೋದು ಸ್ವಾಮಿ" ಅಂತ ಪೇಟ ತೊಡಿಸಿ, ಶಾಲು ಹೊದಿಸಿ, ಅಧ್ಯಕ್ಷನನ್ನೇ ಕೂರಿಸಿದಳು. ಅವನು ಉಬ್ಬಿಹೋಗಿ, "ಇದಕ್ಕಿಂತ ಗೌರವದ ಜಾಗ ಇಲ್ಲ" ಅಂತ ಮೈಕಿನಲ್ಲೇ ಅಂದುಬಿಟ್ಟ.

ಆಟದ ನಡುವೆ ಅವನ ಮಗ ಎದುರಾಳಿಯೊಬ್ಬನ ಕಾಲಿಗೆ ಕೋಲು ಕೊಟ್ಟು ಕೆಡವಿದ. ನೀಲವೇಣಿ ಸೀಟಿ ಊದಿದಳು. "ಹೋಗಪ್ಪ, ಎರಡು ನಿಮಿಷ ನಿಮ್ಮ ತಂದೆ ಪಕ್ಕ ಕೂತು ಬಾ." ಅಷ್ಟು ಚಳಿಯಲ್ಲೂ ಮರಿಸಿದ್ದಯ್ಯ ಪೇಟದೊಳಗೇ ಬೆವರಿದ. ಬಾಯಿ ಬಿಡೋ ಹಾಗಿಲ್ಲವಲ್ಲ!

ಮಾರನೇ ದಿನ ಸಂಘದೋರು ಅವಳನ್ನ ಮತ್ತೆ ಗೆರೆ ಕಾಯೋಕೆ ತಳ್ಳಿದರು.

ಅವಳು ಹೊಸಿಲಲ್ಲಿ ಕೂತು ಅಳ್ತಿದ್ದಾಗ ಪಕ್ಕದ ಮನೆ ಪುಟ್ಟತಾಯಮ್ಮ, ಗಂಡ ಹೊಡೆದು ಊದಿದ ಕೆನ್ನೆ ಹಿಡ್ಕೊಂಡೇ ಬಂದು ಅಂದಳು: "ಅಳಬೇಡ್ವೇ. ನೀನಾದರೂ ತಪ್ಪು ಮಾಡಿದೋನನ್ನ ಎರಡು ನಿಮಿಷ ಕೂರಿಸಿದೆ. ನನ್ನ ಮನೇಲಿರೋನನ್ನ ಇವತ್ತಿನವರೆಗೆ ಯಾರೂ ಕೂರಿಸಲಿಲ್ಲ."