ಪುಟ್ಟತಾಯಿಯ ಜೊತೆಗಾರರು

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ನಂಜಮ್ಮಣ್ಣಿ ಅಂತ ಒಬ್ಬರು ಗುರು. ವಯಸ್ಸು ಎಪ್ಪತ್ತಾರು. ಎಲ್ಲರಿಗೂ ಅವರು ಅಮ್ಮಣ್ಣಿ.

ಅವರ ಶಿಷ್ಯೆ ಪುಟ್ಟತಾಯಿಗೆ ಐವತ್ತೆರಡು. ಗಂಡ ತೀರಿಕೊಂಡ ಮೇಲೆ ಬಂದು ಸೇರಿದವಳು. ಒಂಬತ್ತು ವರ್ಷದಿಂದ ಆಶ್ರಮದ ಅಡುಗೆಮನೆ ಅವಳದೇ ರಾಜ್ಯ. ಹಬ್ಬದ ದಿನ ಇನ್ನೂರು ಜನಕ್ಕೆ ಒಬ್ಬಳೇ ಅನ್ನ ಬಸಿಯುತ್ತಿದ್ದಳು. ತೋಟಕ್ಕೆ ನುಗ್ಗಿದ ಗೂಳಿಯನ್ನು ಸೌಟು ಹಿಡಿದು ಹೊಳೆಯ ತನಕ ಅಟ್ಟಿದ್ದಳು.

ಆದರೆ ಒಬ್ಬಳೇ ಬಸ್ಸು ಹತ್ತಿದವಳಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಹಿಂದೆ, ಮದುವೆಯಾದ ಮೇಲೆ ಗಂಡನ ಹಿಂದೆ. ಆಶ್ರಮಕ್ಕೂ ಮೈದುನನೇ ತಂದು ಬಿಟ್ಟುಹೋಗಿದ್ದ. ಮುಂದೆ ಹೋಗುವವರ ಬೆನ್ನು ನೋಡಿಕೊಂಡು ಹತ್ತುವುದು, ಬೆನ್ನು ನೋಡಿಕೊಂಡು ಇಳಿಯುವುದು. ಮೈಸೂರು ಹೇಗಿತ್ತು ಎಂದು ಕೇಳಿದರೆ ಗಂಡನ ಅಂಗಿಯ ಬಣ್ಣ ಹೇಳುತ್ತಿದ್ದಳು.

ಒಂದು ದಿನ ಮಂಗಳೂರಿನಿಂದ ಅವಳ ಅಕ್ಕ ದುಂಡಮ್ಮನ ಫೋನು ಬಂತು.

"ಕಣ್ಣು ಮಂಜಾಗ್ತಾ ಇದೆ ಕಣೇ. ಇದು ವಾಪಸ್ಸು ಬರೋ ದೃಷ್ಟಿ ಅಲ್ಲ ಅಂದರು ಡಾಕ್ಟರು. ಪೂರ್ತಿ ಹೋಗೋದರೊಳಗೆ ನಿನ್ನ ಮುಖ ಒಂದು ಸಲ ತೋರಿಸಿ ಹೋಗು."

ಅಮ್ಮಣ್ಣಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪುಟ್ಟತಾಯಿ ಹೋಗಿ ಎದುರಿಗೆ ಕೂತಳು.

"ಅಮ್ಮಣ್ಣಿ, ಹೆಂಗಸು ಒಬ್ಬಳೇ ಮಂಗಳೂರಿಗೆ ಹೋಗಬಹುದಾ?"

"ಯಾವ ಹೆಂಗಸು?"

"ನಾನೇ."

"ಕಾಲು ಗಟ್ಟಿಯಾಗಿದೆಯಾ?"

"ಇದೆ."

"ಬಾಯಿ?"

ಪುಟ್ಟತಾಯಿಯ ಬಾಯಿಯ ವಿಷಯ ಆಶ್ರಮಕ್ಕೆಲ್ಲ ಗೊತ್ತಿತ್ತು. ಅವಳು ತಲೆ ತಗ್ಗಿಸಿದಳು.

"ಹಾಗಾದರೆ ಹೋಗಬಹುದು," ಎಂದರು ಅಮ್ಮಣ್ಣಿ.

"ಭಯ ಆಗುತ್ತೆ."

"ಯಾತರ ಭಯ?"

"ನಿದ್ದೆ ಬಂದು ಊರು ದಾಟಿಹೋದರೆ? ಯಾರಾದರೂ ಮಾತಾಡಿಸಿದರೆ? ಯಾರೂ ಮಾತಾಡಿಸದೇ ಹೋದರೆ? ಭಯ ಹೋಗೋ ಹಾಗೆ ಒಂದು ಮಂತ್ರ ಉಪದೇಶ ಮಾಡಿ."

"ಬಾ, ಕಿವಿ ಕೊಡು."

ಪುಟ್ಟತಾಯಿ ಸೆರಗು ಹೊದ್ದು, ಕಣ್ಣು ಮುಚ್ಚಿ, ಕಿವಿಯೊಡ್ಡಿದಳು. ಅಮ್ಮಣ್ಣಿ ಮೆಲ್ಲಗೆ ಉಸುರಿದರು:

"ಸ್ವಾಮೀ, ಈ ಬಸ್ಸು ಎಲ್ಲಿಗೆ ಹೋಗುತ್ತೆ?"

ಪುಟ್ಟತಾಯಿ ಕಣ್ಣು ಬಿಟ್ಟಳು. "ನೂರೆಂಟು ಸಲ ಜಪ ಮಾಡಬೇಕಾ?"

"ಒಂದು ಸಲ ಸಾಕು. ಬಸ್ಸು ಹೊರಡೋಕೆ ಮುಂಚೆ."

ಪುಟ್ಟತಾಯಿಗೆ ಸಮಾಧಾನವಾಗಲಿಲ್ಲ. "ಯಾರಾದರೂ ಜೊತೆಗಿದ್ದರೆ ಧೈರ್ಯ."

"ಹುಡುಕು. ಸಿಕ್ಕಿದವರನ್ನು ನನ್ನ ಹತ್ತಿರ ಕರಕೊಂಡು ಬಾ."

ಮೊದಲು ಸಿಕ್ಕಿದವನು ಮೈದುನ ಶಿವನಂಜ.

"ಬರ್ತೀನಿ ಅತ್ತಿಗೆ. ಆದರೆ ಘಾಟಿ ರಸ್ತೆಯಲ್ಲಿ ನನಗೆ ವಾಂತಿ ಆಗುತ್ತೆ. ನೀವು ನಿಂಬೆಹಣ್ಣು ಹಿಡಕೊಂಡು ಪಕ್ಕದಲ್ಲೇ ಕೂತಿರಬೇಕು. ತಿರುವು ಬಂದಾಗಲೆಲ್ಲ ಬೆನ್ನು ನೀವಬೇಕು."

ಎರಡನೆಯವರು ಆಶ್ರಮಕ್ಕೆ ದಿನಾ ಬರುವ ರಿಟೈರ್ಡ್ ಮೇಷ್ಟ್ರು ಗುರುಮಲ್ಲಪ್ಪ.

"ಧೈರ್ಯವಾಗಿ ಹೊರಡಮ್ಮ, ನಾನಿದ್ದೀನಿ. ಊಟಕ್ಕೆ ಮುಂಚೆ ಬಿಳಿ ಮಾತ್ರೆ, ಊಟ ಆದ ಮೇಲೆ ಕೆಂಪು ಮಾತ್ರೆ, ನೆನಪು ಮಾಡಿದರೆ ಸಾಕು. ಎಡಗಿವಿ ಕೇಳಲ್ಲ, ಬಲಗಡೆ ಕೂತುಕೋ. ನಮ್ಮ ಸ್ಟಾಪು ಬಂದಾಗ ನನ್ನನ್ನು ಎಬ್ಬಿಸು."

ಅಮ್ಮಣ್ಣಿ ಇಬ್ಬರನ್ನೂ ಒಂದೇ ಮಾತು ಕೇಳಿದರು. "ನೀವು ಇವಳನ್ನು ಕರಕೊಂಡು ಹೋಗೋದೋ, ಇವಳು ನಿಮ್ಮನ್ನೋ?"

ಶಿವನಂಜ ನಕ್ಕ. ಮೇಷ್ಟ್ರಿಗೆ ಕೇಳಿಸಲಿಲ್ಲ. ಪುಟ್ಟತಾಯಿ ಮಾತ್ರ ನಾಲ್ಕು ನಿಂಬೆಹಣ್ಣು ತೆಗೆದಿಟ್ಟಳು.

ಶಿವನಂಜನಿಗೆ ಈ ವಾರ ಆಗಲಿಲ್ಲ. ಮೇಷ್ಟ್ರಿಗೆ ಮುಂದಿನ ವಾರ ಆಗಲಿಲ್ಲ. ಹೀಗೆ ಒಂದೂವರೆ ತಿಂಗಳು ಸರಿಯಿತು.

ದುಂಡಮ್ಮನ ಫೋನು ಮತ್ತೆ ಬಂತು. "ಗೋಡೆ ಮೇಲಿನ ಕ್ಯಾಲೆಂಡರಿನ ಅಂಕಿ ನಿನ್ನೆಯಿಂದ ಕಾಣ್ತಾ ಇಲ್ಲ ಕಣೇ," ಎಂದಳು. ಬಾ ಎನ್ನಲಿಲ್ಲ.

ಪುಟ್ಟತಾಯಿ ಒಲೆಯ ಮುಂದೆ ಕೂತು ಅತ್ತಳು. ಅನ್ನ ಸೀದುಹೋಯಿತು. ಅವತ್ತು ಆಶ್ರಮವೆಲ್ಲ ಸೀದ ಅನ್ನವನ್ನು ತುಟಿ ಪಿಟಕ್ಕೆನ್ನದೆ ಉಂಡಿತು.

ಅಮ್ಮಣ್ಣಿ ಕೈ ತೊಳೆದುಕೊಂಡು ಬಂದು ಹೇಳಿದರು: "ನಾಳೆ ಬೆಳಿಗ್ಗೆ ಹೊರಡು. ನಾನು ಜೊತೆಗೆ ಬರ್ತೀನಿ."

ಪುಟ್ಟತಾಯಿ ಕಣ್ಣೊರೆಸಿಕೊಂಡಳು. ಗುರುವೇ ಜೊತೆಗಿದ್ದರೆ ಇನ್ನು ಯಾತರ ಭಯ!

ಆದರೆ ಆಶ್ರಮದ ಗೇಟು ದಾಟಿದ್ದೇ ತಡ, ಅಮ್ಮಣ್ಣಿ ಬೇರೆಯೇ ಆದರು. ರಸ್ತೆಯ ಯಾವ ಕಡೆ ನಿಲ್ಲಬೇಕು ಎಂದು ಪುಟ್ಟತಾಯಿಯನ್ನು ಕೇಳಿದರು. ಬಸ್ಸು ಬಂದರೆ ಮೆಟ್ಟಿಲು ಎತ್ತರ ಎಂದರು. ಪುಟ್ಟತಾಯಿ ಹಿಂದಿನಿಂದ ನೂಕಿ ಹತ್ತಿಸಿದಳು.

ಕಂಡಕ್ಟರ್ ಬಂದ. "ಅಜ್ಜೀ, ಟಿಕೆಟ್ ಫ್ರೀ. ನೀವು ಯಾರು ಅಂತ ಆಧಾರ್ ಕಾರ್ಡ್ ತೋರಿಸಿ."

ಅಮ್ಮಣ್ಣಿ ಬೆರಗಾದರು. "ನಾನು ಯಾರು ಅಂತ ನಲವತ್ತು ವರ್ಷದಿಂದ ಹುಡುಕ್ತಾ ಇದ್ದೀನಪ್ಪ. ಅದು ಕಾರ್ಡಿನಲ್ಲೇ ಇದೆಯಾ?"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಪುಟ್ಟತಾಯಿ ನಾಚಿಕೆಯಿಂದ ಬ್ಯಾಗು ತಡಕಿ ಇಬ್ಬರ ಕಾರ್ಡನ್ನೂ ತೋರಿಸಿದಳು.

ಮೈಸೂರಿನಲ್ಲಿ ಇಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮಣ್ಣಿ ಮಾಯ. ಪುಟ್ಟತಾಯಿ ಬಸ್ ಸ್ಟ್ಯಾಂಡು ಪೂರ್ತಿ ಓಡಿದಳು. ಪೊಲೀಸಿನವನನ್ನು ಕೇಳಿದಳು, ಎಳನೀರಿನವನನ್ನು ಕೇಳಿದಳು. ಕೊನೆಗೆ ಹೂ ಮಾರುವವಳ ಪಕ್ಕದಲ್ಲಿ ಅಮ್ಮಣ್ಣಿ ಸಿಕ್ಕಿದರು. ಆರಾಮವಾಗಿ ಕೂತು ಕನಕಾಂಬರ ಕಟ್ಟುತ್ತಿದ್ದರು.

"ಮಂಗಳೂರು ಬಸ್ಸು ಯಾವ ಕಡೆ ನಿಲ್ಲುತ್ತೆ ಅಮ್ಮಣ್ಣಿ?"

"ನನಗೇನು ಗೊತ್ತು? ನಾನು ಈ ಕಡೆ ಬಂದು ಹದಿನೆಂಟು ವರ್ಷ ಆಯ್ತು."

ಪುಟ್ಟತಾಯಿ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಗುರುವನ್ನು ಹಿಡಿದುಕೊಂಡು ಹೊರಟಳು. ಮೂರು ಕಡೆ ವಿಚಾರಿಸಿದಳು. ಒಬ್ಬ ಆ ಕಡೆ ಅಂದ, ಒಬ್ಬ ಈ ಕಡೆ ಅಂದ. ನಾಲ್ಕನೆಯವನನ್ನು ಕೇಳಿ ಬಸ್ಸು ಪತ್ತೆ ಮಾಡಿದಳು. ಹೆಂಗಸರ ಸೀಟಿನಲ್ಲಿ ಒಬ್ಬ ಗಂಡಸು ಕಾಲು ಚಾಚಿ ಕೂತಿದ್ದ.

"ಏಳಪ್ಪ. ಮೇಲೆ ಏನು ಬರೆದಿದೆ, ಓದೋಕೆ ಬರುತ್ತಾ?"

ಅವನು ಆ ದನಿ ಕೇಳಿಯೇ ಎದ್ದ. ಅವನ ಹಿಂದಿನ ಸೀಟಿನವನೂ ಎದ್ದ.

ಪುಟ್ಟತಾಯಿ ಬ್ಯಾಗನ್ನು ಸೀಟಿನಲ್ಲಿಟ್ಟು, ಅಮ್ಮಣ್ಣಿಯನ್ನು ಕಿಟಕಿ ಪಕ್ಕ ಕೂರಿಸಿ, ನೀರು ತರಲು ಇಳಿದಳು. ಬಾಟಲಿ ಹಿಡಿದು ಬಂದು ನೋಡಿದರೆ ಅಮ್ಮಣ್ಣಿ ಕೆಳಗೆ ನಿಂತಿದ್ದರು.

"ನಾನು ಹೊರಟೆ," ಎಂದರು.

"ಎಲ್ಲಿಗೆ? ಜೊತೆಗೆ ಬರ್ತೀನಿ ಅಂದಿರಿ!"

"ಬಂದೆನಲ್ಲ. ಎಲ್ಲಿ ತನಕ ಅಂತ ನೀನು ಕೇಳಲಿಲ್ಲ."

ಪುಟ್ಟತಾಯಿಯ ಕಣ್ಣು ತುಂಬಿತು. "ಇನ್ನು ನನ್ನನ್ನು ಕರಕೊಂಡು ಹೋಗೋರು ಯಾರು?"

"ಬೆಳಿಗ್ಗೆಯಿಂದ ನನ್ನನ್ನು ಕರಕೊಂಡು ಬಂದಳಲ್ಲ, ಒಬ್ಬಳು. ಭಾರಿ ಗಟ್ಟಿಗಿತ್ತಿ. ಅವಳ ಜೊತೆ ಹೋಗು."

ಕಂಡಕ್ಟರ್ ಸೀಟಿ ಊದಿದ. ಬ್ಯಾಗು ಒಳಗಿತ್ತು. ಪುಟ್ಟತಾಯಿ ಹತ್ತಲೇಬೇಕಾಯಿತು.

ಹುಣಸೂರಿನ ತನಕ ಅಮ್ಮಣ್ಣಿಯ ಮೇಲೆ ಸಿಟ್ಟು. ಅಲ್ಲಿಂದ ಮುಂದೆ ಅಳು. ಮಡಿಕೇರಿ ದಾಟಿದ ಮೇಲೆ ಅಳುವುದು ಮರೆತುಹೋಯಿತು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಗಾಜಿನಾಚೆ ಬೆಟ್ಟಗಳಿದ್ದವು. ಒಂದರ ಹಿಂದೆ ಒಂದು, ಎಷ್ಟೊಂದು! ಬೆಟ್ಟ ಇಷ್ಟು ನೀಲಿ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಗೆ ಹೊಟ್ಟೆ ತೊಳಸಿತು. ಪುಟ್ಟತಾಯಿ ನಿಂಬೆಹಣ್ಣು ಕೊಟ್ಟು ಬೆನ್ನು ನೀವಿದಳು. ಸುಧಾರಿಸಿಕೊಂಡ ಮೇಲೆ ಹುಡುಗಿ ಕೇಳಿದಳು, "ಆಂಟಿ, ನೀವು ಒಬ್ಬರೇನಾ?"

"ಹೌದು, ಒಬ್ಬಳೇ."

ಹೇಳಿದ ಮೇಲೆ ಪುಟ್ಟತಾಯಿ ತಿರುಗಿ ನೋಡಿದಳು, ಇದನ್ನು ಹೇಳಿದ್ದು ಯಾರು ಎಂಬಂತೆ.

ಸಂಜೆ ಬಿಸಿಲಿಗೆ ಮಂಗಳೂರು ಮುಟ್ಟಿ, ಆಟೋ ಹಿಡಿದು, ಎರಡು ಸಲ ದಾರಿ ತಪ್ಪಿ, ಮೂರನೆಯ ಸಲ ಅಕ್ಕನ ಮನೆಯ ಬಾಗಿಲಿಗೆ ಬಂದಳು.

ದುಂಡಮ್ಮ ಹೊಸಿಲಲ್ಲಿ ನಿಂತು ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರಕ್ಕೆ ತಂದು, ಬಹಳ ಹೊತ್ತು ನೋಡಿದಳು. "ನಿನಗೂ ಕೂದಲು ನರೆತು ಹೋಯ್ತಲ್ಲೇ," ಎಂದಳು. ಆಮೇಲೆ ತಂಗಿಯ ಭುಜದಾಚೆ ಕಣ್ಣು ಕಿರಿದು ಮಾಡಿ ಇಣುಕಿದಳು.

"ಯಾರ ಜೊತೆ ಬಂದೆ? ಹಿಂದೆ ಯಾರೂ ಕಾಣ್ತಾ ಇಲ್ಲವಲ್ಲ. ನನ್ನ ಕಣ್ಣು ಅಷ್ಟೊಂದು ಹೋಯ್ತಾ?"

"ಇಲ್ಲ ಕಣಕ್ಕಾ. ನಿನಗೆ ಸರಿಯಾಗಿಯೇ ಕಾಣ್ತಾ ಇದೆ. ಹಿಂದೆ ಯಾರೂ ಇಲ್ಲ."

ಹನ್ನೆರಡು ದಿನ ಅಕ್ಕನ ಜೊತೆಗಿದ್ದಳು. ದಿನಾ ಇಬ್ಬರೂ ಕೈ ಹಿಡಿದುಕೊಂಡು ಸಮುದ್ರದ ದಂಡೆಗೆ ಹೋಗುತ್ತಿದ್ದರು. ಅಕ್ಕನಿಗೆ ಕಾಣದ್ದನ್ನು ಪುಟ್ಟತಾಯಿ ಹೇಳುತ್ತಿದ್ದಳು. ಅವಳು ಹೇಳಿದ್ದು ಯಾರ ಅಂಗಿಯ ಬಣ್ಣವನ್ನೂ ಅಲ್ಲ, ನೀರಿನ ಬಣ್ಣವನ್ನು.

ವಾಪಸ್ಸು ಬಂದಾಗ ಅಮ್ಮಣ್ಣಿ ಜಗಲಿಯಲ್ಲಿ ಕೂತಿದ್ದರು. ಬಿಸಿಲಿಗೆ ಮುಖ ಸ್ವಲ್ಪ ಕಪ್ಪಾಗಿತ್ತು. ಕೊರಳಿಗೊಂದು ಹೊಸ ಉಣ್ಣೆಯ ಮಫ್ಲರ್.

ಪುಟ್ಟತಾಯಿ ಕಾಲಿಗೆ ಬಿದ್ದೆದ್ದು ಕೇಳಿದಳು, "ಅವತ್ತು ಮೈಸೂರಿನಿಂದ ಹೇಗೆ ಬಂದಿರಿ ಅಮ್ಮಣ್ಣಿ? ಸಂಜೆಯೊಳಗೆ ಮುಟ್ಟಿದಿರಾ?"

"ಮುಟ್ಟೋಕೆ ನಾಲ್ಕು ದಿನ ಆಯ್ತು."

"ನಾಲ್ಕು ದಿನಾನಾ!"

"ನೀನು ಹೋದ ಮೇಲೆ ಊಟಿ ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಹತ್ತಿದೆ."

ಪುಟ್ಟತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈ ವಯಸ್ಸಿನಲ್ಲಿ? ಈ ಮಂಡಿ ನೋವು ಇಟ್ಟುಕೊಂಡು? ಆ ಚಳಿಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಒಬ್ಬರೇನಾ? ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ? ಒಂದು ಮಾತು ಹೇಳಿದ್ದರೆ ನಾನು ಜೊತೆಗೆ ಬರ್ತಿರಲಿಲ್ಲವಾ?"

ಅಮ್ಮಣ್ಣಿ ಮಫ್ಲರ್ ಸರಿಮಾಡಿಕೊಂಡರು.

"ಅದಕ್ಕೇ ಕಣೇ ಹೇಳಲಿಲ್ಲ."